ಕೆಳಸಾಲಿನ ಎಲೆಗಳು

ಆಫ್ರಿಕನ್ ವಯಲೆಟ್ ಗಿಡಕ್ಕೆ ಮೇಲಿನಿಂದ ನೀರು ಹಾಕಬಾರದು. ಕುಂಡದ ಕೆಳಗಿನ ತಟ್ಟೆಗೆ ಹಾಕಬೇಕು. ಅದೂ ಬೆರಳಿಗೆ ಬೆಚ್ಚಗೆ ತಾಗುವಷ್ಟು ಬಿಸಿ ಇರಬೇಕು. ಅರ್ಧ ಗಂಟೆ ಬಿಟ್ಟು, ಗಿಡ ಕುಡಿಯದೆ ಉಳಿಸಿದ್ದನ್ನು ಚೆಲ್ಲಬೇಕು. ಎಲೆಯ ಮೇಲೆ ತಣ್ಣೀರು ಬಿದ್ದರೆ ಕಲೆಯಾಗುತ್ತದೆ, ಆ ಎಲೆ ಇರುವವರೆಗೂ ಆ ಕಲೆ ಹೋಗುವುದಿಲ್ಲ. ಇವತ್ತು ಯಾರಾದರೂ ಕೇಳಿದರೆ ಇದನ್ನೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಹೇಳಬಲ್ಲೆ. ಜಂಬಕ್ಕೆ ಹೇಳುತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಜಾತಿಯ ಬುದ್ಧಿ ಇದು.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಒಂದು ಬೇಸಿಗೆಯ ಕೊನೆಗೆ. ಹೆತ್ತೂರಿನಿಂದ ಎರಡು ಮೈಲಿ ಆಚೆ ನಮ್ಮ ಮನೆ, ಮನೆಯ ಸುತ್ತ ಎಂಟು ಎಕರೆ ಕಾಫಿ. ಅಪ್ಪ ಬೇಗ ಹೋಗಿದ್ದರು. ಅವ್ವ ಮತ್ತು ನಾನು, ಇಬ್ಬರೇ. ಹೆಣ್ಣು ಆಲೂರಿನ ಕಡೆಯವಳು, ಪಾಳ್ಯದ ಹತ್ತಿರದ ಊರು. ಅವರದು ಗದ್ದೆ, ರಾಗಿ ಹೊಲದ ಮನೆ. ಮದುವೆ ಮುಗಿಸಿ ಜೀಪಿನಲ್ಲಿ ನಮ್ಮೂರಿಗೆ ಬರುವಾಗ ಅವಳ ತೊಡೆಯ ಮೇಲೆ ಒಂದು ಟೊಮೆಟೊ ಪೆಟ್ಟಿಗೆ ಇತ್ತು. ಘಟ್ಟದ ತಿರುವಿನಲ್ಲಿ ಜೀಪು ಎತ್ತಿ ಹಾಕಿದಾಗೆಲ್ಲ ಅವಳು ಒಂದು ಕೈಯಲ್ಲಿ ಬಾಸಿಂಗ ಹಿಡಿದುಕೊಳ್ಳದೆ ಎರಡೂ ಕೈಯಲ್ಲಿ ಆ ಪೆಟ್ಟಿಗೆಯನ್ನು ತಬ್ಬಿ ಹಿಡಿಯುತ್ತಿದ್ದಳು. ಒಳಗೆ ಒಣಹುಲ್ಲಿನ ನಡುವೆ ಹನ್ನೊಂದು ಪುಟ್ಟ ಕುಂಡಗಳಿದ್ದವು.

ಹಾಸನದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದುವಾಗ ಅವಳಿಗೆ ಪಾಠ ಹೇಳುತ್ತಿದ್ದ ಮೇಡಂ ಒಬ್ಬರು ಒಂದೇ ಒಂದು ಎಲೆ ಕೊಟ್ಟಿದ್ದರಂತೆ. ಈ ಗಿಡಕ್ಕೆ ಬೀಜ ಬೇಡ, ಬೇರೂ ಬೇಡ. ಒಂದು ಎಲೆಯನ್ನು ತೊಟ್ಟಿನ ಸಮೇತ ಮುರಿದು ಮರಳಿಗೆ ಚುಚ್ಚಿದರೆ ಒಂದೆರಡು ತಿಂಗಳಲ್ಲಿ ಬುಡದಿಂದ ಮರಿ ಏಳುತ್ತದೆ. ಆ ಒಂದು ಎಲೆಯಿಂದ ಗಿಡ ಮಾಡಿ, ಅದರ ಎಲೆಗಳನ್ನು ಅವರಿವರಿಗೆ ಕೊಟ್ಟು, ಬದಲಿಗೆ ಬೇರೆ ಬಣ್ಣದ ಎಲೆ ಇಸಿದುಕೊಂಡು ಐದು ವರ್ಷದಲ್ಲಿ ಹನ್ನೊಂದು ಮಾಡಿದ್ದಳು. ನೇರಳೆ, ಬಿಳಿ, ತಿಳಿಗುಲಾಬಿ, ಅಂಚಿಗೆ ಬಿಳಿ ಗೀರಿರುವ ನೀಲಿ. ಪ್ರತಿಯೊಂದೂ ಎಲ್ಲಿಂದ ಬಂತು, ಯಾರು ಕೊಟ್ಟರು ಅನ್ನುವುದು ಅವಳಿಗೆ ಬಾಯಿಪಾಠ. ಇದನ್ನೆಲ್ಲ ಮದುವೆಯಾದ ಮೂರನೆಯ ದಿನ ಅವಳೇ ನನಗೆ ಹೇಳಿದಳು. ನಾನು ಹೂಂ ಹೂಂ ಅನ್ನುತ್ತ ರೇಡಿಯೋದ ಬ್ಯಾಟರಿ ಬದಲಾಯಿಸುತ್ತಿದ್ದೆ.

ಅವ್ವ ಆ ಕುಂಡಗಳನ್ನು ಮೊದಲು ನೋಡಿದಾಗ ಒಂದು ಎಲೆಯನ್ನು ಬೆರಳಿನಲ್ಲಿ ಸವರಿ, "ದೊಡ್ಪತ್ರೆನೇನಮ್ಮ?" ಅಂದಿದ್ದಳು. ತಪ್ಪೇನಿಲ್ಲ, ಎಲೆ ಹಾಗೆಯೇ ಇರುತ್ತದೆ, ದಪ್ಪ, ಮೇಲೆಲ್ಲ ನವಿರು.

"ಅಲ್ಲ ಅತ್ತೆ, ಇದು ಹೂವಿನ್ ಗಿಡ."

"ಮುಡ್ಕಬೌದಾ?"

"ತೊಟ್ಟು ಗಿಡ್ಡ. ಕಟ್ಟಾಕಾಗಲ್ಲ."

"ದೇವ್ರಿಗೆ?"

"ಕಿತ್ರೆ ಬಾಡೋಯ್ತದೆ."

"ವಾಸ್ನೆನೂ ಇಲ್ಲ. ಮುಡ್ಯಾಕೂ ಇಲ್ಲ, ದೇವ್ರಿಗೂ ಇಲ್ಲ, ತಂಬುಳಿಗೂ ಇಲ್ಲ. ಇದೇನ್ ಹೂವಮ್ಮ ತಾಯಿ" ಅಂದು ಅವ್ವ ನಕ್ಕಳು. ಅವ್ವನ ನಗುವಿನಲ್ಲಿ ವಿಷ ಇರಲಿಲ್ಲ, ಈಗಲೂ ಆಣೆ ಮಾಡಿ ಹೇಳುತ್ತೇನೆ. ಆದರೆ ನಾನೂ ನಕ್ಕೆ. ಗಂಡ ನಗುವುದಕ್ಕೂ ಅತ್ತೆ ನಗುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ನಡುಮನೆಯ ಬಡಗಣ ಕಿಟಕಿಯಲ್ಲಿ ಅವಳು ಕುಂಡಗಳನ್ನು ಇಟ್ಟಳು. ಅಲ್ಲಿ ಬೆಳಕು ಇತ್ತು, ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ. ದಿನಕ್ಕೊಮ್ಮೆ ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುಗಿಸುತ್ತಿದ್ದಳು, ಎಲ್ಲ ಕಡೆಯೂ ಸಮನಾಗಿ ಬೆಳೆಯಲಿ ಅಂತ. ಒಂದು ಹಳೆಯ ಪೇಂಟಿಂಗ್ ಬ್ರಷ್ ಇಟ್ಟುಕೊಂಡಿದ್ದಳು, ಎಲೆಯ ಧೂಳು ತೆಗೆಯುವುದಕ್ಕೆ. ಕೂಸಿನ ತಲೆ ಬಾಚುವ ಹಾಗೆ ಬುಡದಿಂದ ತುದಿಗೆ ಮೆಲ್ಲಗೆ ಎಳೆಯುತ್ತಿದ್ದಳು.

ಈಗ ಆ ದಿನದ ವಿಷಯ ಹೇಳಬೇಕು. ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ನನಗೆ ಸಿಟ್ಟು ಜಾಸ್ತಿ. ನಮ್ಮ ಮನೆತನದಲ್ಲೇ ಇದೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಚೊಂಬು ಎತ್ತಿದ್ದು ಮನೆತನ ಅಲ್ಲ, ನನ್ನ ಕೈ. ಅವತ್ತು ಚಿಕ್ಕಪ್ಪ ಬಂದಿದ್ದರು. ಬೆಳಗ್ಗಿನಿಂದ ತೋಟಕ್ಕೆ ಬೋರ್ಡೋ ಮದ್ದು ಹೊಡೆಸಿ, ಜಿಗಣೆ ಕಚ್ಚಿಸಿಕೊಂಡು, ಹಸಿದುಕೊಂಡು ಇಬ್ಬರೂ ಮನೆಗೆ ಬಂದೆವು. ಊಟದ ಎಲೆ ಹಾಕಿತ್ತು, ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಬಡಿಸಬೇಕಾದವಳು ಕಿಟಕಿಯ ಮುಂದೆ ಬ್ರಷ್ ಹಿಡಿದು ನಿಂತಿದ್ದಳು. ಚಿಕ್ಕಪ್ಪ ತಮಾಷೆಗೆ, "ಏನ್ ಮಾರಾಯ, ನಿನ್ ಹೆಂಡ್ತಿ ಗಿಡಕ್ಕೇ ಊಟ ಇಕ್ತಾಳೇನೋ ಮೊದ್ಲು" ಅಂದರು. ಅಷ್ಟೇ. ನಾನು ಎದ್ದು, ಕುಡಿಯುವ ನೀರಿನ ಹಿತ್ತಾಳೆ ಚೊಂಬು ಎತ್ತಿ, ಕಿಟಕಿಯ ತುದಿಯಲ್ಲಿದ್ದ ಕುಂಡದ ನೆತ್ತಿಯ ಮೇಲೆ ಇಡೀ ಚೊಂಬು ಸುರಿದೆ. "ತಗ, ನೀರ್ ಹಾಕಿದ್ದಾಯ್ತು. ಈಗ್ ಬಂದು ಅನ್ನ ಇಕ್ಕು" ಅಂದೆ.

ಅವಳು ಅಳಲಿಲ್ಲ. ಕುಂಡವನ್ನು ಬಗ್ಗಿಸಿ ನೀರು ಬಸಿದು, ಸೆರಗಿನ ತುದಿಯಿಂದ ಒಂದೊಂದೇ ಎಲೆಯನ್ನು ಒತ್ತಿ ಒರೆಸಿದಳು. ಆಮೇಲೆ ನನ್ನ ಕಡೆ ನೋಡದೆ, "ತಣ್ಣೀರ್ ಬಿದ್ರೆ ಕಲೆ ಆಯ್ತದೆ. ಹೋಗಲ್ಲ" ಅಂದಳು. ಕೈ ತೊಳೆದುಕೊಂಡು ಬಂದು ನಮಗೆ ಬಡಿಸಿದಳು. ಮೂರು ದಿನಕ್ಕೆ ಆ ಗಿಡದ ಎಲೆಗಳ ಮೇಲೆಲ್ಲ ಬೂದು ಬಣ್ಣದ ಕಲೆಗಳು ಎದ್ದವು. ಒಂದು ಎಲೆಯೂ ತಪ್ಪಿಸಿಕೊಂಡಿರಲಿಲ್ಲ.

ಕ್ಷಮೆ ಕೇಳಬಹುದಿತ್ತು. ಎರಡು ಮಾತು. ಆ ಎರಡು ಮಾತು ನನ್ನ ಗಂಟಲಿನಲ್ಲಿ ಹತ್ತು ದಿನ ಇತ್ತು. ಅವಳು ಮುನಿಸಿಕೊಂಡ ಹಾಗೂ ಕಾಣಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಕಾಫಿ ಹೊತ್ತಿಗೆ ಕಾಫಿ ಬರುತ್ತಿತ್ತು. ತಾನಾಗಿ ಮಾತಾಡುವುದು ಮಾತ್ರ ನಿಂತುಹೋಗಿತ್ತು. ಸರಿಹೋಗುತ್ತದೆ ಬಿಡು ಅಂದುಕೊಂಡೆ. ಅಷ್ಟರಲ್ಲಿ ಆಷಾಢ ಬಂತು.

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದು ಹೊಸಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು, ಅಳಿಯನೂ ಆ ತಿಂಗಳು ಅತ್ತೆಯ ಮನೆಗೆ ಕಾಲಿಡಬಾರದು. ನಮ್ಮ ಕಡೆ ಇದು ಯಾರೂ ತಪ್ಪಿಸದ ರೂಢಿ. ಅವಳ ಅಣ್ಣ ಕರೆದುಕೊಂಡು ಹೋಗುವುದಕ್ಕೆ ಬಂದರು. ಹೊರಡುವ ದಿನ ಬೆಳಗ್ಗೆ ಅವಳು ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದಳು. ಧೂಳು ಒರೆಸುತ್ತಿದ್ದಾಳೆ ಅಂದುಕೊಂಡೆ. ಹೊರಟಾಗ ಬಟ್ಟೆಯ ಬ್ಯಾಗನ್ನು ಅಣ್ಣನಿಗೆ ಕೊಟ್ಟು ಒಂದು ಸ್ಟೀಲಿನ ಟಿಫಿನ್ ಡಬ್ಬಿಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡಳು. ಅವ್ವ ದಾರಿಗೆ ರೊಟ್ಟಿ ಕಟ್ಟಿಕೊಟ್ಟಿರಬೇಕು ಅಂದುಕೊಂಡೆ. ಆ ಬೆಳಗ್ಗೆ ನಾನು ಅಂದುಕೊಂಡದ್ದೆಲ್ಲ ತಪ್ಪೇ.

"ಗಿಡನ ಬಸ್ಸಲ್ಲಿ ತಗಂಡೋಗಾಕಾಗಲ್ಲ. ಎಲ್ಡ್ ದಿನಕ್ಕೊಂದ್ ಸಲ ತಟ್ಟೆಗೆ ನೀರ್ ಹಾಕಿ. ಬಿಸಿನೀರ್ ಬೆರ್ಸಿ ಹಾಕಿ. ಅರ್ಧ ಗಂಟೆ ಆದ್ಮೇಲೆ ಚೆಲ್ಲಿ" ಅಂದಳು.

"ಆಯ್ತು. ಯಾವಾಗ್ ಬತ್ತೀಯ?"

"ಆಷಾಢ ಕಳ್ದು ಬತ್ತೀನಿ."

ಅವಳು ಹೋದ ಮೊದಲ ವಾರ ಮನೆಯಲ್ಲಿ ಒಂದು ಬಗೆಯ ಭಣಭಣ. ಎರಡು ತಿಂಗಳೂ ತುಂಬದ ಸಂಸಾರ, ಅವಳ ಬಗ್ಗೆ ನನಗೇನು ಗೊತ್ತು ಅಂತ ಕೂತು ಯೋಚಿಸಿದರೆ, ಗಿಡದ ಬಗ್ಗೆ ಅವಳು ಹೇಳಿದ್ದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಏನು ಇಷ್ಟ, ಏನು ಕಷ್ಟ, ಒಂದೂ ಕೇಳಿರಲಿಲ್ಲ. ಹಾಗಾಗಿ ಗಿಡ ನೋಡಿಕೊಳ್ಳುವುದಕ್ಕೆ ನಿಂತೆ. ನೀರನ್ನು ಬೆರಳಿಗೆ ಬೆಚ್ಚಗಾಗುವ ಹಾಗೆ ಬೆರೆಸಿ ತಟ್ಟೆಗೆ ಹಾಕಿದೆ. ಗೋಡೆ ಗಡಿಯಾರ ನೋಡಿಕೊಂಡು ಅರ್ಧ ಗಂಟೆಗೆ ಚೆಲ್ಲಿದೆ. ಕಾಲು ಸುತ್ತು ತಿರುಗಿಸಿದೆ. ಬ್ರಷ್ ಕೂಡ ಎಳೆದೆ. ಅವ್ವ ಬಾಗಿಲಲ್ಲಿ ನಿಂತು, "ಅವ್ಳಿದ್ದಾಗ ಈ ಬುದ್ಧಿ ಎಲ್ಲೋಗಿತ್ಲಾ?" ಅಂದಳು. ನಾನು ಬ್ರಷ್ ಎಳೆಯುತ್ತಲೇ ಇದ್ದೆ.

ಎರಡನೆಯ ವಾರ, ಬ್ರಷ್ ಹಿಡಿದು ಕೂತಿದ್ದಾಗ, ಒಂದು ಕುಂಡದ ಕೆಳಸಾಲಿನಲ್ಲಿ ಒಂದು ಎಲೆ ಇಲ್ಲದ್ದನ್ನು ಕಂಡೆ. ಎಲೆ ಇರಬೇಕಾದ ಜಾಗದಲ್ಲಿ ಅರ್ಧ ಬೆರಳಿನಷ್ಟು ಮುರಿದ ತೊಟ್ಟು ಇತ್ತು. ಅದರ ತುದಿ ಕಪ್ಪಾಗಿ, ಮುಟ್ಟಿದರೆ ಲೊಳಲೊಳ ಅನ್ನುತ್ತಿತ್ತು. ಪಕ್ಕದ ಕುಂಡ ನೋಡಿದೆ. ಅಲ್ಲೂ ಒಂದು. ಅದರ ಪಕ್ಕದಲ್ಲೂ ಒಂದು. ಎಲ್ಲವನ್ನೂ ತಿರುಗಿಸಿ ನೋಡಿದೆ. ಹತ್ತು ಕುಂಡದಲ್ಲಿ ಹತ್ತು ಮುರಿದ ತೊಟ್ಟು, ಎಲ್ಲದರ ತುದಿಯೂ ಕಪ್ಪು. ಕೆಲವು ಕಡೆ ಕಪ್ಪು ಬುಡಕ್ಕೆ ಇಳಿಯುತ್ತಿತ್ತು. ಹನ್ನೊಂದನೆಯದು, ನಾನು ಚೊಂಬು ಸುರಿದ ಗಿಡ, ಅದು ಮಾತ್ರ ಕಲೆ ಹೊತ್ತುಕೊಂಡೇ ಸರಿಯಾಗಿತ್ತು. ಅದರಲ್ಲಿ ಒಂದು ಎಲೆಯೂ ಹೋಗಿರಲಿಲ್ಲ.

ಕಾಫಿಯವನಿಗೆ ಮಳೆಗಾಲದಲ್ಲಿ ಒಂದೇ ಭಯ, ಕೊಳೆರೋಗ. ಎಲೆ ಕಪ್ಪಾಗಿ, ನೂಲಿನಲ್ಲಿ ಕಟ್ಟಿದ ಹಾಗೆ ರೆಂಬೆಗೆ ನೇತಾಡುತ್ತದೆ. ಒಂದು ಗಿಡಕ್ಕೆ ಬಂತೆಂದರೆ ಪಕ್ಕದ್ದಕ್ಕೂ ಬಂತು ಅಂತಲೇ ಲೆಕ್ಕ. ಚಿಕ್ಕಂದಿನಿಂದ ಅದನ್ನೇ ನೋಡಿಕೊಂಡು ಬೆಳೆದವನು ನಾನು. ಹತ್ತು ಕುಂಡದಲ್ಲಿ ಒಂದೇ ಥರ, ಒಂದೇ ಜಾಗದಲ್ಲಿ ಕಪ್ಪು ಕಂಡಾಗ ನನ್ನ ತಲೆಗೆ ಬೇರೆ ಏನು ಬರಬೇಕು? ಮೊದಲು ಹನ್ನೊಂದನೆಯದಕ್ಕೆ ತಗುಲಬಾರದು ಅಂತ ಅದನ್ನು ಎತ್ತಿಕೊಂಡು ಹೋಗಿ ಅವ್ವನ ಕೋಣೆಯ ಕಿಟಕಿಗೆ ಇಟ್ಟೆ. ಉಳಿದ ಹತ್ತನ್ನು ಜಗುಲಿಗೆ ತಂದು ಸಾಲಾಗಿ ಇಟ್ಟೆ.

ಸ್ಟೋರಿನಲ್ಲಿ ಮೈಲುತುತ್ತ ಉಳಿದಿತ್ತು, ಸುಣ್ಣವೂ ಇತ್ತು. ಎರಡನ್ನೂ ನೀರಿಗೆ ಹಾಕಿ ಕದಡಿದರೆ ಬೋರ್ಡೋ. ನಮ್ಮ ಕಡೆ ಕಾಫಿಗೆ, ಮೆಣಸಿನ ಬಳ್ಳಿಗೆ, ಎಲ್ಲದಕ್ಕೂ ಅದೇ ಮದ್ದು. ನಮ್ಮವರು ದೇವರನ್ನು ನಂಬದಿದ್ದರೂ ಬೋರ್ಡೋ ನಂಬುತ್ತಾರೆ. ಕದಡಿದ ಮೇಲೆ ಕತ್ತಿಯ ಅಲಗನ್ನು ಅದರೊಳಗೆ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಖಾರ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಎಳೆಯ ಹುಡುಗರಿಗೂ ಗೊತ್ತಿರುವ ವಿಷಯ. ಅವತ್ತು ನನಗೆ ಕತ್ತಿ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಅದ್ದಿ ನೋಡಿದ್ದರೂ ಏನೂ ಆಗುತ್ತಿರಲಿಲ್ಲ, ಬಿಡಿ. ತಣ್ಣೀರನ್ನೇ ತಡೆಯದ ಎಲೆಗೆ ಬೋರ್ಡೋ ತಡೆಯುತ್ತದೆಯೇ? ಕೈಪಂಪಿನಲ್ಲಿ ಹತ್ತಕ್ಕೂ ಹೊಡೆದೆ, ಮೇಲೆ, ಕೆಳಗೆ, ಸುಳಿಯೊಳಗೆ, ಎಲೆ ನೀಲಿಯಾಗಿ ತೊಟ್ಟಿಕ್ಕುವ ತನಕ. ಹೊಡೆದು ಮುಗಿಸಿ, ಪಾರು ಮಾಡಿದೆ ಅಂದುಕೊಂಡೆ.

ಮಾರನೆಯ ದಿನ ಎಲೆಗಳ ನವಿರೆಲ್ಲ ಅಂಟಿಕೊಂಡು ನೀರಿನಲ್ಲಿ ಬೇಯಿಸಿದ ಸೊಪ್ಪಿನ ಹಾಗೆ ಕಂಡವು. ಮೂರನೆಯ ದಿನ ಅಂಚು ಕಂದು ಬಣ್ಣಕ್ಕೆ ತಿರುಗಿತು. ನಾನು ಗಾಬರಿಯಾಗಿ, ಚಳಿಗೆ ಹೀಗಾಗುತ್ತಿದೆ ಅಂತ ಹತ್ತೂ ಕುಂಡವನ್ನು ಬಚ್ಚಲ ಒಲೆಯ ಹತ್ತಿರ ಇಟ್ಟೆ. ಹೊಗೆ ಹಿಡಿಯಿತು. ಅಲ್ಲಿಂದ ಎತ್ತಿ ಅಡುಗೆಮನೆಗೆ ತಂದೆ. ಅಡುಗೆಮನೆಯಿಂದ ಮತ್ತೆ ಕಿಟಕಿಗೆ. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ತೋಟಕ್ಕೆ ಹೋದವನು ಅರ್ಧ ದಾರಿಯಿಂದ ವಾಪಸ್ ಬಂದು ನೋಡುತ್ತಿದ್ದೆ. ಐದನೆಯ ದಿನ ನೇರಳೆಯದರ ಸುಳಿಯನ್ನು ಮುಟ್ಟಿದರೆ ಬೆರಳಿಗೆ ಕೊಳೆತು ಬಂತು. ಆಮೇಲೆ ಒಂದರ ಹಿಂದೆ ಒಂದು. ಬಿಳಿಯದು, ಗುಲಾಬಿ, ಅಂಚಿಗೆ ಗೀರಿದ್ದ ನೀಲಿ. ಹತ್ತನೆಯ ದಿನಕ್ಕೆ ಹತ್ತೂ ಹೋದವು. ಐದು ವರ್ಷ ಅವಳು ಒಂದೊಂದು ಎಲೆ ಬೇಡಿ ಮಾಡಿಕೊಂಡಿದ್ದನ್ನು ನಾನು ಹತ್ತು ದಿನದಲ್ಲಿ ಮುಗಿಸಿದೆ.

ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಗಿಡಕ್ಕೆ ನೀರು ಸುರಿದಿದ್ದಕ್ಕೆ ಮಾತು ಬಿಟ್ಟವಳು, ಹತ್ತನ್ನು ಸಾಯಿಸಿದ್ದಕ್ಕೆ ಏನು ಬಿಟ್ಟಾಳು? ನನ್ನನ್ನೇ ಬಿಡುತ್ತಾಳೆ. ಈ ಮಾತು ತಲೆಗೆ ಹೊಕ್ಕಿದ್ದೇ ಹೊಕ್ಕಿದ್ದು, ಹೊರಗೆ ಹೋಗಲಿಲ್ಲ. ಸಕಲೇಶಪುರದ ನರ್ಸರಿಗಳಿಗೆಲ್ಲ ಹೋದೆ. ಒಬ್ಬ ಬಿಗೋನಿಯ ತೋರಿಸಿದ, ಇನ್ನೊಬ್ಬ ನನ್ನ ಮಾತು ಕೇಳಿ ದೊಡ್ಡಪತ್ರೆಯನ್ನೇ ತಂದು ಕೊಟ್ಟ. ಅಲ್ಲಿಂದ ಎರಡು ದೊಡ್ಡ ಎಸ್ಟೇಟುಗಳ ಬಂಗಲೆಗೆ ಹೋಗಿ, ಹಿತ್ತಿಲಲ್ಲಿ ನಿಂತು ಮಾಲಿಗಳನ್ನು ಕೇಳಿದೆ. ಒಬ್ಬ ಮುದುಕ, "ಅಮ್ಮೋರು ಇಟ್ಕಂಡಿದ್ರು ಸ್ವಾಮಿ. ಹೋದ್ ಮಳೇಲಿ ಎಲ್ಲಾ ಕೊಳ್ತು ಹೋಗ್ಬುಟ್ವು. ನಮ್ ಹವಾಕ್ ಆಗಲ್ಲ ಅವು" ಅಂದ. ನಮ್ಮ ಹವಾಕ್ಕೆ ಆಗದ್ದನ್ನು ಅವಳು ಕಿಟಕಿಯಲ್ಲಿ ಸಾಕಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿಯುತ್ತ ರಸ್ತೆಗೆ ಬಂದೆ. ಕಣ್ಣಲ್ಲಿ ನೀರು ಬಂತು. ಬಂತು, ಅದರಲ್ಲಿ ಮುಚ್ಚುಮರೆ ಏನು.

ಹೆತ್ತೂರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಅವಳ ತವರಿನ ಪಕ್ಕದ ಮನೆಯಲ್ಲಿ ಫೋನಿತ್ತು. ಮೊದಲು ಫೋನ್ ಮಾಡಿ ಅವಳನ್ನು ಕರೆಯಲು ಹೇಳಿ, ಕಾಲು ಗಂಟೆ ಬಿಟ್ಟು ಮತ್ತೆ ಮಾಡಬೇಕು. ಆ ಕಾಲು ಗಂಟೆಯಲ್ಲಿ ನಿಜ ಹೇಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ.

"ಚೆನ್ನಾಗಿದೀಯಾ?"

"ಹೂಂ. ಅತ್ತೆ ಚೆನ್ನಾಗವ್ರಾ?"

"ಅವ್ರೆ."

ಅವಳು ಕೇಳಿದಳು, "ಗಿಡ ನೋಡಿದ್ರಾ? ಎಲೆ ಎಲ್ಲಾ ಸರಿಯಾಗವಾ?"

"ಸರಿಯಾಗವೆ. ಒಂದೂ ಹೋಗಿಲ್ಲ. ಬಿಳೀದು ಹೂ ಬುಟ್ಟೈತೆ" ಅಂದೆ.

"ಒಂದೂ ಹೋಗಿಲ್ವಾ?"

"ಒಂದೂ ಹೋಗಿಲ್ಲ ಕಣೆ."

"ಸರಿ, ಫೋನ್ ಇಡ್ಲಾ?" ಅಂದಳು. ನನ್ನ ಸುಳ್ಳು ಅವಳಿಗೆ ಗೊತ್ತಾಯಿತೋ ಏನೋ ಅಂತ ದಾರಿಯುದ್ದಕ್ಕೂ ಬೆವೆತೆ.

ಆಷಾಢದ ಕೊನೆಯ ವಾರ ತಡೆಯಲಾರದೆ ಒಂದು ದಿನ ಬಸ್ಸು ಹತ್ತಿದೆ. ಸಕಲೇಶಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಆಲೂರಿನಲ್ಲಿ ಇಳಿದು ಮತ್ತೊಂದು. ಪಾಳ್ಯದಲ್ಲಿ ಇಳಿದು ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತೆ. ಅಲ್ಲಿಂದ ಅವಳ ಮನೆಗೆ ನಡೆದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅವಳ ಅಣ್ಣ ಗೊಬ್ಬರದ ಚೀಲ ಹೊತ್ತ ಗಾಡಿಯ ಪಕ್ಕ ನಡೆದು ಬರುವುದು ಕಂಡಿತು. ಆಷಾಢದಲ್ಲಿ ಅಳಿಯ ಯಾಕೆ ಬಂದ ಅಂದರೆ ಏನು ಹೇಳುವುದು? ಹೋಟೆಲಿನ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಸೌದೆ ರಾಶಿಯ ಹಿಂದೆ ನಿಂತೆ. ಅವರು ದಾಟಿ ಹೋದ ಮೇಲೆ ಬಂದ ದಾರಿಯಲ್ಲೇ ವಾಪಸ್ ಬಸ್ಸು ಹಿಡಿದೆ. ಮೂವತ್ತು ವರ್ಷದ ಗಂಡಸು, ಸೌದೆಯ ಹಿಂದೆ ಅಡಗಿ ನಿಂತಿದ್ದೆ.

ಮನೆಗೆ ಬಂದಾಗ ಅವ್ವ ನನ್ನ ಮುಖ ನೋಡಿ ಬಿಸಿನೀರು ತಂದುಕೊಟ್ಟಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. "ನಿಂಗೆ ಗಿಡ ಹೋಯ್ತು ಅಂತ ಸಂಕ್ಟನೋ, ಅವ್ಳು ಹೋಯ್ತಾಳೆ ಅಂತ ಸಂಕ್ಟನೋ?" ಅಂದಳು.

"ಎಲ್ಡೂ ಒಂದೇ ಕಣವ್ವ ಈಗ."

"ಸಿಟ್ನಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬಂದೀತಾ. ಅವತ್ತು ಚೊಂಬು ಎತ್ದಾಗ ನಾನಾದ್ರೂ ನಿನ್ ಕೈ ಹಿಡೀಬೇಕಿತ್ತು. ನಂದೂ ತಪ್ಪೇಯ" ಅಂದಳು ಅವ್ವ. ಅವಳು ತಪ್ಪು ಅಂತ ಒಪ್ಪಿಕೊಂಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾರನೆಯ ದಿನದಿಂದ ಅವಳ ಕೋಣೆಯ ಕಿಟಕಿಯಲ್ಲಿದ್ದ ಆ ಹನ್ನೊಂದನೆಯ ಗಿಡಕ್ಕೆ ಅವಳೇ ಬಿಸಿನೀರು ಬೆರೆಸಿ ಇಡುತ್ತಿದ್ದಳು, ನನ್ನ ಕೈಗೆ ಕೊಡುತ್ತಿರಲಿಲ್ಲ.

ಶ್ರಾವಣ ಬಂದ ಮೇಲೆ ಕರೆದು ತರುವುದಕ್ಕೆ ಹೊರಟೆ. ಉಳಿದಿದ್ದ ಒಂದೇ ಕುಂಡವನ್ನು ಒಂದು ಹಳೆಯ ಬುಟ್ಟಿಯಲ್ಲಿಟ್ಟು, ಸುತ್ತ ಒಣಹುಲ್ಲು ತುಂಬಿ, ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಎತ್ತಿ ಹಾಕಿದಾಗೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಎಲ್ಲ ಹೇಳಿಬಿಡಬೇಕು, ಬೋರ್ಡೋ, ಫೋನಿನ ಸುಳ್ಳು, ಚೊಂಬು, ಎಲ್ಲ. ಕಾಲು ಹಿಡಿ ಅಂದರೆ ಹಿಡಿಯಬೇಕು. ಬರಲ್ಲ ಅಂದರೆ ಏನು ಮಾಡುವುದು ಅನ್ನುವುದನ್ನು ಮಾತ್ರ ಯೋಚಿಸಲು ಆಗಲಿಲ್ಲ.

ಅತ್ತೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. "ಕೂತ್ಕಳಿ, ಅವ್ಳು ಹಿತ್ಲಲ್ಲವ್ಳೆ, ಕರೀತೀನಿ" ಅಂದು ಹೋದರು. ನಾನು ಬುಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಆ ಕೋಣೆಯ ಬಡಗಣ ಕಿಟಕಿಯಲ್ಲಿ ಒಂದು ಹಲಗೆ ಹಾಕಿತ್ತು. ಹಲಗೆಯ ಮೇಲೆ ತೆಂಗಿನ ಚಿಪ್ಪು, ಒಡೆದ ಲೋಟ, ಪೌಡರ್ ಡಬ್ಬಿ ಸಾಲಾಗಿ ಇದ್ದವು. ಎಲ್ಲದರಲ್ಲೂ ಮರಳು. ಪ್ರತಿ ಮರಳಿನಲ್ಲೂ ಒಂದೊಂದು ಎಲೆ ಓರೆಯಾಗಿ ಚುಚ್ಚಿತ್ತು, ದಪ್ಪ, ನವಿರು ತುಂಬಿದ ಎಲೆ. ಎಣಿಸಿದೆ. ಹತ್ತು. ಹಲಗೆಯ ಮೂಲೆಯಲ್ಲಿ ಆ ಸ್ಟೀಲಿನ ಟಿಫಿನ್ ಡಬ್ಬಿ ಇತ್ತು.

ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಕುಂಡಗಳಿಗೆ ಯಾವ ರೋಗವೂ ಬಂದಿರಲಿಲ್ಲ. ಹೊರಟ ದಿನ ಬೆಳಗ್ಗೆ ಕಿಟಕಿಯ ಮುಂದೆ ನಿಂತು ಅವಳೇ ಒಂದೊಂದು ಎಲೆ ಮುರಿದುಕೊಂಡಿದ್ದಳು. ಮುರಿದ ತೊಟ್ಟಿನ ತುದಿ ಮಳೆಯ ತಂಡಿಗೆ ಕಪ್ಪಾಗಿತ್ತು, ಅಷ್ಟೇ. ಒಂದು ತಿಂಗಳಿಗೆ ತವರಿಗೆ ಹೋಗುವವಳು ಪ್ರತಿ ಗಿಡದಿಂದ ಒಂದೊಂದು ಎಲೆ ಯಾಕೆ ತೆಗೆದುಕೊಂಡು ಹೋಗುತ್ತಾಳೆ? ವಾಪಸ್ ಬರುವವಳು ಹಾಗೆ ಮಾಡುವುದಿಲ್ಲ. ನಾನು ಕೊಳೆರೋಗ ಅಂತ ಔಷಧಿ ಹೊಡೆದದ್ದು ಅವಳು ನನ್ನನ್ನು ಬಿಟ್ಟುಹೋದ ಗುರುತಿಗೆ.

ಅವಳು ಒಳಗೆ ಬಂದಳು. ಕೈಗೆ ಮಣ್ಣು ಮೆತ್ತಿತ್ತು. ನಾನು ಕಿಟಕಿ ನೋಡುತ್ತಿದ್ದುದನ್ನು ನೋಡಿದಳು, ಆಮೇಲೆ ಬುಟ್ಟಿ ನೋಡಿದಳು.

"ಇದೊಂದ್ನ ಯಾಕ್ ತಂದ್ರಿ?"

"ಇದೊಂದೇ ಉಳ್ದಿರದು."

"ಉಳಿದವು?"

"ಸತ್ತೋದ್ವು. ನಾನೇ ಸಾಯ್ಸಿದ್ದು. ತೊಟ್ಟು ಕಪ್ಪಾಗಿತ್ತು, ಕೊಳೆ ಅಂದ್ಕಂಡು ಬೋರ್ಡೋ ಹೊಡ್ದೆ."

"ಬೋರ್ಡೋನಾ" ಅಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಫೋನಲ್ಲಿ ಹೂ ಬುಟ್ಟೈತೆ ಅಂದ್ರಿ."

"ಸುಳ್ಳೇಳ್ದೆ. ಹೆದ್ರಿಕೆ ಆಯ್ತು."

"ನಾನೂ ಸುಳ್ಳೇಳ್ದೆ" ಅಂದಳು ಅವಳು. "ಆಷಾಢ ಕಳ್ದು ಬತ್ತೀನಿ ಅಂದೆ."

ಒಳಗೆ ಅತ್ತೆ ಕಾಫಿಗೆ ಬೆಲ್ಲ ಕುಟ್ಟುವ ಸದ್ದು ಕೇಳುತ್ತಿತ್ತು. ನಾನು ಬುಟ್ಟಿಯಿಂದ ಕುಂಡ ತೆಗೆದು ಹಲಗೆಯ ಮೇಲೆ ಇಟ್ಟೆ. "ಇದ್ರದ್ ಎಲೆ ಯಾಕ್ ತಗಂಡ್ ಬರ್ಲಿಲ್ಲ?" ಅಂತ ಕೇಳಿದೆ. ಆ ಹೊತ್ತಿನಲ್ಲಿ ಕೇಳುವ ಮಾತಲ್ಲ, ಆದರೆ ಬಾಯಿಗೆ ಬಂದದ್ದು ಅದು.

"ಕಲೆ ಇಲ್ದಿರೋ ಎಲೆ ಒಂದೂ ಸಿಗ್ಲಿಲ್ಲ ಅದ್ರಲ್ಲಿ."

ಚೊಂಬು ಸುರಿದಾಗಿನಿಂದ ಗಂಟಲಿನಲ್ಲಿ ಇಟ್ಟುಕೊಂಡಿದ್ದ ಆ ಎರಡು ಮಾತನ್ನು ಆಗ ಆಡಿದೆ. ತಪ್ಪಾಯ್ತು ಕಣೆ, ಅಂದೆ. ಅಷ್ಟು ತಡವಾಗಿ ಆಡಿದ ಮಾತಿಗೆ ಬೆಲೆ ಎಷ್ಟು ಅಂತ ನನಗೂ ಗೊತ್ತಿತ್ತು. ಅವಳು ಅಳುವುದಕ್ಕೆ ಶುರು ಮಾಡಿದ್ದು ಆಮೇಲೆ. ಚೊಂಬು ಸುರಿದಾಗ ಅಳದವಳು, ಗಿಡ ಸತ್ತದ್ದು ಕೇಳಿ ಅಳದವಳು, ಮಣ್ಣಿನ ಕೈಯನ್ನು ಮುಖಕ್ಕೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ನಾನು ಮುಟ್ಟುವುದಕ್ಕೆ ಹೋಗಲಿಲ್ಲ, ಹೆದರಿಕೆಯಾಯಿತು.

ಅವತ್ತು ಅವಳು ನನ್ನ ಜೊತೆ ಬರಲಿಲ್ಲ. "ಗಿಡ ಬುಟ್ಟೋಗಿ. ನೋಡ್ತೀನಿ" ಅಂದಳು. ಗಿಡವನ್ನು ನೋಡುತ್ತೇನೆ ಅಂದಳೋ, ಬರುವುದನ್ನು ನೋಡುತ್ತೇನೆ ಅಂದಳೋ, ಕೇಳುವ ಧೈರ್ಯ ಬರಲಿಲ್ಲ. ಖಾಲಿ ಬುಟ್ಟಿ ಹಿಡಿದು ಒಬ್ಬನೇ ಮನೆಗೆ ಬಂದೆ. ಅವ್ವ ಹೊಸಿಲಿಗೆ ರಂಗೋಲಿ ಹಾಕಿ ಕಾಯುತ್ತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದು ನೋಡಿ ಒಳಗೆ ಹೋದಳು. ಆ ಶ್ರಾವಣ ನನ್ನ ಜೀವನದ ಅತಿ ಉದ್ದದ ತಿಂಗಳು. ದಿನಾ ಸಂಜೆ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ, ಯಾರಾದರೂ ಕೇಳಿದರೆ ಪೇಪರ್ ಬರಬೇಕು ಅನ್ನುತ್ತಿದ್ದೆ.

ಗೌರಿ ಹಬ್ಬ ತವರಿನಲ್ಲೇ ಮುಗಿಸಿಕೊಂಡು ಅವಳು ಅಣ್ಣನ ಜೊತೆ ಬಂದಳು. ತೊಡೆಯ ಮೇಲೆ ಅದೇ ಟೊಮೆಟೊ ಪೆಟ್ಟಿಗೆ. ಅದರಲ್ಲಿ ಐದು ತೆಂಗಿನ ಚಿಪ್ಪು, ಐದರಲ್ಲೂ ಎಲೆಯ ಬುಡದಲ್ಲಿ ಉದ್ದಿನಕಾಳಿನಷ್ಟು ಮರಿ ಎದ್ದಿದ್ದವು. ಕಲೆ ಬಿದ್ದಿದ್ದ ಗಿಡವೂ ಇತ್ತು, ಅದರ ಹಳೆಯ ಎಲೆಗಳನ್ನೆಲ್ಲ ತೆಗೆದುಹಾಕಿದ್ದಳು, ನಡುವೆ ಹೊಸ ಎಲೆ ನಾಲ್ಕು ಇದ್ದವು.

"ಇನ್ನೈದು?" ಅಂದೆ.

"ಅಲ್ಲೇ ಇರ್ಲಿ."

ಆ ಐದು ಇವತ್ತಿಗೂ ಅವಳ ತವರಿನ ಕಿಟಕಿಯಲ್ಲಿವೆ. ಅತ್ತೆ ಇದ್ದಾಗ ಅತ್ತೆ ನೋಡಿಕೊಂಡರು, ಈಗ ಅವಳ ಅತ್ತಿಗೆ ನೋಡಿಕೊಳ್ಳುತ್ತಾಳೆ. ಇಲ್ಲಿಗೆ ತಂದುಬಿಡೋಣ ಅಂತ ನಾನು ಒಂದು ಸಲವೂ ಹೇಳಿಲ್ಲ, ಅವಳೂ ಹೇಳಿಲ್ಲ. ಆಮೇಲೆ ನಮಗೆ ಇಬ್ಬರು ಮಕ್ಕಳಾದರು, ಸಂಸಾರ ಎಲ್ಲರ ಸಂಸಾರದ ಹಾಗೆ ನಡೆದಿದೆ. ಅವ್ವ ಕೊನೆಗಾಲದಲ್ಲಿ ಮಂಚ ಹಿಡಿದಾಗ ಅವಳೇ ಉಣಿಸಿದಳು, ಒರೆಸಿದಳು. ನನ್ನ ಸಿಟ್ಟೂ ಸತ್ತಿಲ್ಲ, ಬಂದಾಗ ಕೈಯನ್ನು ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತೇನೆ. ನಮ್ಮ ಬಡಗಣ ಕಿಟಕಿಯಲ್ಲಿ ಈಗ ಇಪ್ಪತ್ತಕ್ಕಿಂತ ಹೆಚ್ಚು ಕುಂಡಗಳಿವೆ.

ವರ್ಷಕ್ಕೆ ಎರಡು ಸಲ ಅವಳು ತವರಿಗೆ ಹೋಗುತ್ತಾಳೆ. ಬಸ್ಸು ಹತ್ತಿಸಿ ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ಮೊದಲು ಆ ಕಿಟಕಿಗೆ ಹೋಗುತ್ತೇನೆ. ಒಂದೊಂದೇ ಕುಂಡ ತಿರುಗಿಸಿ, ಕೆಳಸಾಲಿನ ಎಲೆಗಳನ್ನು ಬೆರಳ ತುದಿಯಲ್ಲಿ ಎತ್ತಿ, ಹೊಸದಾಗಿ ಮುರಿದ ತೊಟ್ಟು ಇದೆಯೇ ಅಂತ ನೋಡುತ್ತೇನೆ. ಅವಳಿಗೆ ಇದು ಗೊತ್ತು ಅಂತ ನನಗೆ ಅನುಮಾನ. ಒಮ್ಮೆ ವಾಪಸ್ ಬಂದವಳು ಬ್ಯಾಗು ಕೂಡ ಇಳಿಸದೆ, "ನೋಡಿದ್ರಾ?" ಅಂದಳು. "ಏನ್ನ?" ಅಂದೆ. "ಏನಿಲ್ಲ ಬುಡಿ" ಅಂದು ಒಳಗೆ ಹೋದಳು.

ಇವತ್ತು ಬೆಳಗ್ಗೆ ಅವಳ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಅಂತ ಹೋಗಿದ್ದಾಳೆ, ನಾಲ್ಕು ದಿನಕ್ಕೆ. ಕನ್ನಡಕ ಹಾಕಿಕೊಂಡು ಎಲ್ಲ ಕುಂಡವನ್ನೂ ನೋಡಿದೆ. ಒಂದು ಎಲೆಯೂ ಹೋಗಿಲ್ಲ. ಕಾಫಿ ಮಾಡಿಕೊಂಡು ಕುಡಿದು, ಬಂದು ಇನ್ನೊಂದು ಸಲ ನೋಡಿದೆ.